ಒಲೆ ಕಿತ್ತರೂ ಕಿಂಡಿ ಬಿಡಿ

ಬ್ಲಾಗಿನ ಕಡೆ ತಲೆ ಹಾಕದೆ ಮೂರು ತಿಂಗಳಾಯ್ತು. ಏನು ಮಾಡ್ತಿದ್ದೆ ಅಂತ ಕೇಳಿದರೆ ನಗಬೇಡಿ. ಗೋಡೆ ನೋಡ್ತಾ ಕೂತಿದ್ದೆ :-)

ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ, ವಿಕ್ಟೋರಿಯಾ ರಾಣಿಯ ಕಾಲದ ಒಂದು ಸಾಲುಮನೆಯಲ್ಲಿ. ಕೆಂಪು ಇಟ್ಟಿಗೆ, ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ, ಮಾಡಿನ ಮೇಲೆ ಹೂಕುಂಡ ಸಾಲಾಗಿಟ್ಟ ಹಾಗೆ ಚಿಮಣಿಯ ಮಣ್ಣಿನ ಕೊಳವೆಗಳು. (ಚಿಮಣಿ ಅಂದಕೂಡಲೇ ಸೀಮೆಎಣ್ಣೆ ಬುಡ್ಡಿ ನೆನಪಾಗುವವರ ಪೈಕಿ ನಾನೂ ಒಬ್ಬ. ಇದು ಹೊಗೆ ಹೋಗುವ ಚಿಮಣಿ.) ಆ ಕಾಲದಲ್ಲಿ ಕೋಣೆಗೊಂದು ಕಲ್ಲಿದ್ದಲ ಒಲೆ, ಪ್ರತಿ ಒಲೆಗೂ ಅದರದ್ದೇ ಹೊಗೆದಾರಿ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಹೊಗೆಮಂಜು ಸಾವಿರಾರು ಜನರನ್ನು ಕೊಂದಮೇಲೆ 1956ರಲ್ಲಿ ಶುದ್ಧಗಾಳಿ ಕಾಯ್ದೆ ಬಂತು. 1967ರಿಂದ ಹತ್ತು ವರ್ಷದಲ್ಲಿ ಮನೆಮನೆಗೂ ಉತ್ತರ ಸಮುದ್ರದ ಗ್ಯಾಸ್ ಬಂತು. ಒಲೆಗಳು ಆರಿದವು, ಚಿಮಣಿಗಳು ಹಾಗೇ ಉಳಿದವು.

2021ರಲ್ಲಿ ಕೆಳಗಿನ ಹಿಂದಿನ ಕೋಣೆಯ ಒಲೆ ಕೀಳಿಸಿದೆ. ಊರಿಂದ ಅಮ್ಮ ಬಂದರೆ ಮಂಚ ಹಾಕಲು ಜಾಗ ಬೇಕಿತ್ತು. ಕೆಲಸದವನು ಗೂಡಿಗೆ ಇಟ್ಟಿಗೆ ಕಟ್ಟುವ ಮೊದಲು "ಗಾಳಿಕಿಂಡಿ ಇಡಲಾ?" ಅಂತ ಕೇಳಿದ, ಅದನ್ನು ಹೇಳಲೇಬೇಕು. ನಾನೇ ಬೇಡ ಅಂದೆ. ಹೊಸ ಗೋಡೆಯಲ್ಲಿ ಜಾಲರಿ ಯಾಕೆ, ಚಳಿಗಾಳಿ ಬೇರೆ ಬರುತ್ತೆ ಅಂತ. ಅವನು ಭುಜ ಕುಣಿಸಿ ನುಣ್ಣಗೆ ಪ್ಲಾಸ್ಟರ್ ಹೊಡೆದು ಹೋದ.

ಮುಂದಿನ ಚಳಿಗಾಲಕ್ಕೆ ಚಿಮಣಿ ಗೋಡೆಯ ಮೇಲ್ಭಾಗದಲ್ಲಿ ಕಂದು ಕರೆ. ಚಹಾ ಚೆಲ್ಲಿ ಒಣಗಿದ ಹಾಗೆ, ಸುತ್ತಲೂ ಗಾಢವಾದ ಅಂಚು. ಬಣ್ಣ ಬಳಿಸಿದೆ, ಎರಡೇ ತಿಂಗಳಲ್ಲಿ ಮತ್ತೆ ಇಣುಕಿತು. ಮಳೆ ಬೀಳ್ತಿರಬೇಕು ಅಂತ ಇನ್ನೊಬ್ಬನನ್ನು ಕರೆಸಿದೆ. ಅವನು ಮೇಲೆ ಹತ್ತಿ ಕೊಳವೆಯ ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಸಿಮೆಂಟಿನಿಂದ ಬಿಗಿದ. ಕೆಳಗೂ ಬಂದ್, ಮೇಲೂ ಬಂದ್. ಕರೆ ಕಡಿಮೆಯಾಗಲಿಲ್ಲ, ಅಗಲವಾಯಿತು.

ಆಮೇಲೆ ಥಂಡಿ ನಿವಾರಣೆಯ ಕಂಪನಿಯವನೊಬ್ಬ ಬಂದ. ಪಿನ್ನಿನ ಮೀಟರು ಚುಚ್ಚಿ "ನೆಲದಿಂದ ಏರುವ ಥಂಡಿ, ಗೋಡೆಯ ಬುಡಕ್ಕೆ ಔಷಧಿ ಇಂಜೆಕ್ಷನ್ ಕೊಡಬೇಕು" ಅಂದ. ನೆಲದಿಂದ ಏರುವ ಥಂಡಿ ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ನನ್ನ ಕರೆ ಇದ್ದದ್ದು ತಲೆಯಿಂದ ಮೇಲೆ! ಅದನ್ನು ತೋರಿಸಿದ್ದಕ್ಕೆ ಮಾತು ತಿರುಗಿಸಿ "ಮನೇಲಿ ಅನ್ನ ಜಾಸ್ತಿ ಬೇಯಿಸ್ತೀರಾ?" ಅಂದ. ಸಾರಿಗೂ ಗೋಡೆಗೂ ನಂಟು ಹಾಕಿದ ಪುಣ್ಯಾತ್ಮ.

ಆಗ ನಕ್ಕು ಸುಮ್ಮನಾದೆ, ಈಗ ಸಿಟ್ಟು ಬರುತ್ತೆ. ಇದು ತಮಾಷೆಯ ವಿಷಯ ಅಲ್ಲ. 2020ರ ಡಿಸೆಂಬರಿನಲ್ಲಿ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಬಾಡಿಗೆ ಫ್ಲಾಟಿನ ಬೂಷ್ಟಿನಿಂದ ಉಸಿರಾಟ ಕೆಟ್ಟು ತೀರಿಕೊಂಡಿತು. ದೂರು ಕೊಟ್ಟ ಅಪ್ಪ ಅಮ್ಮನಿಗೆ ಸಿಕ್ಕ ಉತ್ತರವೂ ನಿಮ್ಮ ಜೀವನಶೈಲಿ ಸರಿಯಿಲ್ಲ ಎಂಬ ಧಾಟಿಯದೇ. ಆ ಮಗುವಿನ ಹೆಸರಲ್ಲಿ 2023ರಲ್ಲಿ ಕಾನೂನೇ ಆಯಿತು. ಅಲ್ಲಿ ಚಿಮಣಿಯ ಪ್ರಶ್ನೆ ಇರಲಿಲ್ಲ, ನಿಜ. ಆದರೆ ಗಾಳಿ ಆಡದ ಗೋಡೆಯನ್ನು ಬಿಟ್ಟು ಅಡುಗೆ ಮಾಡುವವರ ಮೇಲೆ ಗೂಬೆ ಕೂರಿಸುವ ಅಭ್ಯಾಸ ಒಂದೇ. ಬಾಡಿಗೆ ಮನೆಯಲ್ಲಿರುವ ಕನ್ನಡಿಗ ಗೆಳೆಯರು ಎಷ್ಟೋ ಜನ ಈ ಮಾತು ಕೇಳಿಸಿಕೊಂಡು "ಹೌದೇನೋ, ನಾವೇ ಒಗ್ಗರಣೆ ಜಾಸ್ತಿ ಹಾಕ್ತೀವೇನೋ" ಅಂತ ಒಪ್ಪಿಕೊಂಡಿದ್ದಾರೆ.

ನನ್ನ ಮನೆಯ ರೋಗ ಹಿಡಿದವರು ಅಮ್ಮ. ತೀರ್ಥಹಳ್ಳಿ ಕಡೆಯ ಮಳೆ ಕಂಡವರು. ಬಂದ ಮೂರನೇ ದಿನ ಬೆಳಿಗ್ಗೆ ಕೆಮ್ಮುತ್ತಾ ಕೇಳಿದರು: "ಎಂತದೋ ಅದು ವಾಸನೆ? ಬಚ್ಚಲ ಒಲೆಗೆ ನೀರು ನುಗ್ಗಿದ ಹಾಗೆ ಬರ್ತದಲ್ಲ!"

ಹಂಡೆ ಒಲೆಯ ಒದ್ದೆ ಬೂದಿಯ ವಾಸನೆ. ಮೂರು ವರ್ಷದಿಂದ ಮೂಗಿನ ಮುಂದೆ ಇದ್ದರೂ ನನಗೆ ಹೊಳೆದಿರಲಿಲ್ಲ. ಗೋಡೆಯೊಳಗೆ ನೂರು ವರ್ಷದ ಮಸಿ ನೆನೆದು ಕೂತಿತ್ತು.

ಚಿಮಣಿ ಗುಡಿಸುವ ಒಬ್ಬ ಹಿರಿಯರನ್ನು ಕರೆಸಿದೆ. (ಇಲ್ಲಿ ಇದು ಈಗಲೂ ಒಂದು ಕಸುಬು.) ಅವರು ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಒಲೆ ಉರಿಯುವಾಗ ಚಿಮಣಿ ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. ಮಳೆಹನಿ ಬಿದ್ದರೂ, ಇಟ್ಟಿಗೆ ನೀರು ಹೀರಿದರೂ, ಬಿಸಿಗಾಳಿ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಒಲೆ ಆರಿದರೆ ಅದು ಬರೀ ತಣ್ಣನೆಯ ಇಟ್ಟಿಗೆಯ ಕೊಳವೆ. ಮಾಡಿನಿಂದ ಮೇಲಕ್ಕೆ ನಿಂತ ಭಾಗ ನಾಲ್ಕೂ ಕಡೆಯಿಂದ ಮಳೆಗೆ ಮೈಯೊಡ್ಡಿರುತ್ತದೆ, ಮೇಲಿನ ಬಾಯಿ ಮುಚ್ಚಿದರೂ ಇಟ್ಟಿಗೆಯ ಮೂಲಕ ನೀರು ಇಳಿಯುತ್ತದೆ. ಮನೆಯೊಳಗಿನ ಹಬೆಯೂ ಸಂದಿಗೊಂದಿಯಿಂದ ಅದರೊಳಗೆ ಸೇರಿ, ತಣ್ಣನೆಯ ಗೋಡೆಗೆ ತಗುಲಿ ನೀರಾಗುತ್ತದೆ. ಎರಡೂ ತುದಿ ಬಂದ್ ಮಾಡಿದರೆ ಆ ನೀರು ಹೋಗುವುದೆಲ್ಲಿಗೆ?

ಇನ್ನೊಂದು ವಿಷಯ ಮಸಿಯಲ್ಲಿರುವ ಉಪ್ಪು. ಕಲ್ಲಿದ್ದಲ ಹೊಗೆಯಿಂದ ಬಂದ ಲವಣಗಳು ಇಟ್ಟಿಗೆಯೊಳಗೆ ಇಳಿದಿರುತ್ತವೆ, ನೀರಿನ ಜೊತೆ ಪ್ಲಾಸ್ಟರಿನವರೆಗೂ ಬರುತ್ತವೆ. ಒಮ್ಮೆ ಬಂದಮೇಲೆ ಅವು ಗಾಳಿಯ ತೇವವನ್ನೇ ಹೀರುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಮರಿಗೆ ನೀರೊಡೆಯುವುದಿಲ್ಲವೇ, ಹಾಗೆ. ಮಳೆಯಿಲ್ಲದ ದಿನವೂ ನನ್ನ ಕರೆ ಒದ್ದೆಯಾಗುತ್ತಿದ್ದುದರ ಗುಟ್ಟು ಇದೇ. ಬಣ್ಣದ ಮೇಲೆ ಬಣ್ಣ ಬಳಿದರೆ ಬಣ್ಣದಂಗಡಿಯವನಿಗೆ ಮಾತ್ರ ಲಾಭ.

ಮಾಡಬೇಕಾದದ್ದು ನಾಚಿಕೆಯಾಗುವಷ್ಟು ಸಣ್ಣ ಕೆಲಸ. ಮೊದಲು ಚಿಮಣಿಯನ್ನು ಪೂರ್ತಿ ಗುಡಿಸಬೇಕು. ಮಸಿ ಉಳಿದರೆ ಕಿಂಡಿ ಇಟ್ಟೂ ವಾಸನೆ ಹೋಗಲ್ಲ. ಒಲೆಯಿದ್ದ ಜಾಗದಲ್ಲಿ, ಗೂಡು ಮುಚ್ಚಿದ ಗೋಡೆಗೆ ಒಂದು ಜಾಲರಿ. ನಾನು ಹಾಕಿಸಿದ್ದು ಒಂದು ಇಟ್ಟಿಗೆಯ ಮುಖದಷ್ಟು, ಒಂಬತ್ತು ಇಂಚಿಗೆ ಮೂರು ಇಂಚು. ಮೇಲೆ ಸಿಮೆಂಟು ಒಡೆದು, ಮಳೆ ತಡೆದು ಗಾಳಿ ಬಿಡುವ ಟೋಪಿ. ಒಂದು ತುದಿ ತೆರೆದು ಇನ್ನೊಂದು ಮುಚ್ಚಿದರೆ ಉಪಯೋಗವಿಲ್ಲ, ಗಾಳಿ ಒಳಗೆ ಬಂದು ಹೊರಗೆ ಹೋಗಬೇಕು. ಕರೆ ಹಿಡಿದ ಪ್ಲಾಸ್ಟರು ಕೆತ್ತಿಸಿ ಇಟ್ಟಿಗೆಯನ್ನು ಬರಿಮೈಯಲ್ಲಿ ಒಣಗಲು ಬಿಟ್ಟಿದ್ದೇನೆ. ಆಮೇಲೆ ಜಿಪ್ಸಮ್ ಅಲ್ಲ, ಸುಣ್ಣದ ಗಾರೆ.

ಸಾಲುಮನೆಯಲ್ಲಿರುವವರು ಇದೊಂದನ್ನು ದಯವಿಟ್ಟು ಗಮನಿಸಿ. ಮಾಡಿನ ಮೇಲಿರುವ ಕೊಳವೆಗಳಲ್ಲಿ ನಿಮ್ಮದು ಯಾವುದು, ಪಕ್ಕದವರದು ಯಾವುದು ಅಂತ ಹೊಗೆ ಬಿಟ್ಟು ಖಚಿತ ಮಾಡಿಕೊಳ್ಳದೆ ಯಾವುದನ್ನೂ ಮುಚ್ಚಿಸಬೇಡಿ. ಪಕ್ಕದವರು ಇನ್ನೂ ಬೆಂಕಿ ಹಾಕುತ್ತಿದ್ದು, ಅವರ ಕೊಳವೆ ಮುಚ್ಚಿಹೋದರೆ ಕಾರ್ಬನ್ ಮಾನಾಕ್ಸೈಡ್ ಅವರ ಕೋಣೆಗೇ ವಾಪಸ್ ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನನ್ನ ಮಾಡು ಹತ್ತಿದವನು ಇದನ್ನು ನೋಡಿಕೊಂಡನೋ ಇಲ್ಲವೋ ನಾನು ಕೇಳಿರಲೇ ಇಲ್ಲ. ಪಕ್ಕದ ಅಜ್ಜಿಯ ಮನೆಯಲ್ಲಿ ಒಲೆ ಉರಿಯುತ್ತದೆ. ಅವರ ಕೊಳವೆ ಬೇರೆ ಅಂತ ಗೊತ್ತಾಗುವವರೆಗೆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

"ಕಾಸು ಕೊಟ್ಟು ಬಿಸಿ ಮಾಡಿದ ಗಾಳಿಯನ್ನು ಚಿಮಣಿಯಲ್ಲಿ ಹೊರಗೆ ಬಿಡ್ತೀಯಲ್ಲ" ಅಂತ ಆಫೀಸಿನ ಗೆಳೆಯನ ವಾದ. 2022ರಲ್ಲಿ ಗ್ಯಾಸಿನ ಬಿಲ್ಲು ಎದೆಗೆ ಒದ್ದದ್ದು ನನಗೂ ನೆನಪಿದೆ. ಸ್ವಲ್ಪ ಬಿಸಿ ಹೋಗುತ್ತೆ, ಇಲ್ಲ ಅನ್ನಲ್ಲ. ಆದರೆ ಒದ್ದೆ ಇಟ್ಟಿಗೆ ಒಣ ಇಟ್ಟಿಗೆಗಿಂತ ಬೇಗ ಬಿಸಿಯನ್ನು ಹೊರಗೆ ದಾಟಿಸುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಮುಚ್ಚಿ ತೆಗೆಯುವ ಜಾಲರಿ ಹಾಕಿಸು ಅಂತಲೂ ಅಂದ. ನನ್ನನ್ನು ನಾನು ಬಲ್ಲೆ. ಮೊದಲ ಚಳಿಗೇ ಮುಚ್ಚಿ, ಯುಗಾದಿಯವರೆಗೆ ಮರೆತುಬಿಡ್ತೇನೆ. ಬೇಡ.

ಅಮ್ಮ ಊರಿಗೆ ಹೋಗಿ ಎರಡು ತಿಂಗಳಾಯ್ತು. ಕೆಮ್ಮು ಹೋಗಿದೆಯಂತೆ. ಅದು ಗೋಡೆಯಿಂದಲೇ ಬಂದದ್ದು ಅಂತ ಆಣೆ ಮಾಡಿ ಹೇಳಲಾರೆ. ಪ್ರತಿ ಭಾನುವಾರ ಫೋನಿನಲ್ಲಿ ಕ್ಯಾಮೆರಾ ತಿರುಗಿಸಿ ಇಟ್ಟಿಗೆ ತೋರಿಸು ಅಂತಾರೆ. ಕರೆಯ ಅಂಚು ಒಂದು ಗೇಣು ಒಳಕ್ಕೆ ಸರಿದಿದೆ. ಸುಣ್ಣದ ಗಾರೆ ಮಾಡುವವರು ಲೀಡ್ಸ್ ಆಸುಪಾಸಿನಲ್ಲಿ ಯಾರಾದರೂ ಗೊತ್ತಿದ್ದರೆ ತಿಳಿಸಿ.