ಮ್ಯೂಸಿಕ್ ಸ್ಟುಡಿಯೊಗೆ ಸೇರಿಸುವ ಮುನ್ನ

ಅಮೆರಿಕದಲ್ಲಿ ಶಾಲೆ ಶುರುವಾಗುತ್ತಿದ್ದಂತೆ ನಮ್ಮ ಮನೆಗಳಲ್ಲಿ ಒಂದು ಚರ್ಚೆಯೂ ಶುರುವಾಗುತ್ತದೆ: ಈ ವರ್ಷ ಪಿಯಾನೊನಾ, ವಯೊಲಿನ್ನಾ? ವಾದ್ಯ ಯಾವುದೆಂದು ವಾರಗಟ್ಟಲೆ ಯೋಚಿಸುತ್ತೇವೆ. ಸ್ಟುಡಿಯೊದವರು ಕೊಡುವ ಷರತ್ತುಗಳ ಹಾಳೆಗೆ ಮಾತ್ರ ಓದದೆಯೇ ಸಹಿ ಹಾಕಿಬಿಡುತ್ತೇವೆ. ಊರಿನಲ್ಲಿ ಮೇಷ್ಟ್ರ ಮನೆಗೆ ಹೋಗಿ ಸಂಗೀತ ಕಲಿತವರಿಗೆ ಫೀಸಿನ ಬಗ್ಗೆ ಪ್ರಶ್ನೆ ಕೇಳುವುದೇ ಸಂಕೋಚ. ಇಲ್ಲಿ ಆ ಸಂಕೋಚ ಬೇಡ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮೊದಲಿಗೆ, ನೀವು ಕೊಡುವ ಹಣ ಯಾವುದಕ್ಕೆ ಎಂದು ತಿಳಿದುಕೊಳ್ಳಿ. ಹೆಚ್ಚಿನ ಸ್ಟುಡಿಯೊಗಳಲ್ಲಿ ಅದು ಒಂದೊಂದು ಪಾಠದ ಬೆಲೆಯಲ್ಲ. ಮಂಗಳವಾರ ಸಂಜೆ ನಾಲ್ಕೂವರೆ ಎಂಬ ಆ ಸಮಯವನ್ನು ನಿಮ್ಮ ಮಗುವಿಗೆಂದೇ ಕಾದಿರಿಸಿದ್ದಕ್ಕೆ. ಹಾಗಾಗಿ ಮಗು ಹೋಗದಿದ್ದರೂ ಹಣ ಹೋಗುತ್ತದೆ. ತಪ್ಪಿದ ಪಾಠವನ್ನು ಬೇರೆ ದಿನ ಕೊಡುತ್ತಾರೆಯೇ, ಎಷ್ಟು ಗಂಟೆ ಮುಂಚೆ ತಿಳಿಸಬೇಕು, ಬಿಡುವುದಾದರೆ ಎಷ್ಟು ದಿನದ ನೋಟಿಸ್ ಬೇಕು ಎಂದು ಕೇಳಿ. ನಮ್ಮಂಥವರಿಗೆ ಇನ್ನೊಂದು ಪ್ರಶ್ನೆ ಮುಖ್ಯ: ಬೇಸಿಗೆಯಲ್ಲಿ ಆರು ವಾರ ಊರಿಗೆ ಹೋದರೆ ಆ ಸಮಯ ನಮಗೇ ಉಳಿಯುತ್ತದೆಯೇ? ಉಳಿಸಿಕೊಳ್ಳಲು ಹಣ ಕಟ್ಟಬೇಕೇ? ಉತ್ತರವನ್ನು ಇಮೇಲಿನಲ್ಲಿ ಪಡೆದುಕೊಳ್ಳಿ. ಟಿಕೆಟ್ ಬುಕ್ ಮಾಡುವ ಮುಂಚೆ ಅದು ಕೈಯಲ್ಲಿದ್ದರೆ ಒಳ್ಳೆಯದು.

ಎರಡನೆಯದು ವಾದ್ಯ. ವಯೊಲಿನ್ನನ್ನು ಮಗುವಿನ ವಯಸ್ಸು ನೋಡಿ ಕೊಳ್ಳುವುದಲ್ಲ, ತೋಳಿನ ಉದ್ದ ಅಳೆದು ಆರಿಸುವುದು. 1/16ರಿಂದ 4/4ರವರೆಗೆ ಹಲವು ಅಳತೆಗಳಿವೆ. ಮಗು ಬೆಳೆದಂತೆ ಬದಲಾಯಿಸಬೇಕಾಗುವುದರಿಂದ ಬಾಡಿಗೆಗೆ ತರುವುದೇ ಲಾಭ. ‘ದೊಡ್ಡವನಾದ ಮೇಲೂ ಆಗುತ್ತೆ’ ಎಂದು ಒಂದು ಅಳತೆ ದೊಡ್ಡದನ್ನು ತಂದರೆ ಕೈ, ಭುಜ ನೋಯುತ್ತವೆ. ಪಿಯಾನೊಗೆ 88 ಕೀಗಳು. 61 ಕೀಗಳ ಹಗುರ ಕೀಬೋರ್ಡಿನಲ್ಲಿ ಶುರು ಮಾಡಬಹುದು. ಆದರೆ ಬೆರಳಿಗೆ ಬಲ ಬರಲು ನಿಜವಾದ ಪಿಯಾನೊದಂತೆ ಭಾರವಿರುವ ಕೀಗಳು ಬೇಕು.

ಮೂರನೆಯದು ಪಾಠದ ಕೋಣೆ. ಮೊದಲು ಒಂದು ಟ್ರಯಲ್ ಪಾಠ ಕೇಳಿ. ಬಾಗಿಲಿಗೆ ಗಾಜಿದೆಯೇ, ನೀವು ಒಳಗೆ ಕೂರಬಹುದೇ, ಶಿಕ್ಷಕರ ಹಿನ್ನೆಲೆ ಪರಿಶೀಲನೆ ಆಗಿದೆಯೇ ಎಂದು ವಿಚಾರಿಸಿ. ಮಗು ತಪ್ಪು ನುಡಿಸಿದಾಗ ಶಿಕ್ಷಕರು ಏನು ಮಾಡುತ್ತಾರೆ ಎಂದು ಗಮನಿಸಿ. ಅವರ ಪದವಿಗಳ ಪಟ್ಟಿಗಿಂತ ಅದೇ ಹೆಚ್ಚು ಹೇಳುತ್ತದೆ.

ಇಷ್ಟಾದ ಮೇಲೆ ಒಂದು ಸಣ್ಣ ಲೆಕ್ಕ. ವಾರಕ್ಕೆ ಅರ್ಧ ಗಂಟೆಯಂತೆ 36 ವಾರ ಎಂದರೆ ಸ್ಟುಡಿಯೊದಲ್ಲಿ ಕಲಿಯುವುದು ಒಟ್ಟು 18 ಗಂಟೆ. ಮನೆಯಲ್ಲಿ ದಿನಕ್ಕೆ 15 ನಿಮಿಷ, ವಾರಕ್ಕೆ ಐದು ದಿನ ಅಭ್ಯಾಸ ಮಾಡಿದರೆ ಅದೇ 36 ವಾರಗಳಲ್ಲಿ 45 ಗಂಟೆ. ಸ್ಟುಡಿಯೊ ದಾರಿ ತೋರಿಸುತ್ತದೆ. ಕಲಿಕೆ ನಡೆಯುವುದು ಮನೆಯಲ್ಲಿ. ಭಾನುವಾರದ ಕನ್ನಡ ಕಲಿ ತರಗತಿಯ ವಿಷಯದಲ್ಲಿ ಇದು ನಮಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಕನ್ನಡವಾಡದಿದ್ದರೆ ವಾರಕ್ಕೊಂದು ತರಗತಿ ಎಷ್ಟು ದೂರ ಕರೆದೊಯ್ದೀತು?

ಜಪಾನಿನ ವಯೊಲಿನ್ ಶಿಕ್ಷಕ ಶಿನಿಚಿ ಸುಝುಕಿ (1898–1998) ಹೊರಟದ್ದೂ ಇಲ್ಲಿಂದಲೇ. ಜಪಾನಿನ ಮಕ್ಕಳೆಲ್ಲ ಜಪಾನಿ ಭಾಷೆಯನ್ನು ಸಲೀಸಾಗಿ ಆಡುತ್ತಾರಲ್ಲ, ಸಂಗೀತವನ್ನೂ ಹಾಗೆಯೇ ಏಕೆ ಕಲಿಸಬಾರದು ಎಂದು ಅವರು ಯೋಚಿಸಿದರು. ಮೊದಲು ದಿನವೂ ಕೇಳುವುದು, ಆಮೇಲೆ ನುಡಿಸುವುದು, ಓದುವುದು ಅದಕ್ಕೂ ಆಮೇಲೆ. ಅಪ್ಪನೋ ಅಮ್ಮನೋ ಪಾಠದಲ್ಲಿ ಕೂತು ಟಿಪ್ಪಣಿ ಮಾಡಿಕೊಂಡು ಮನೆಯಲ್ಲಿ ಅಭ್ಯಾಸ ಮಾಡಿಸುತ್ತಾರೆ. ನೀವು ನೋಡುತ್ತಿರುವ ಸ್ಟುಡಿಯೊ ಸುಝುಕಿ ಪದ್ಧತಿಯದಾದರೆ ಅದು ನಿಮ್ಮ ಸಮಯವನ್ನೂ ಕೇಳುತ್ತದೆ. ಇಬ್ಬರ ಕೆಲಸದ ವೇಳೆಗೂ ಅದು ಹೊಂದುತ್ತದೆಯೇ ಎಂದು ಮೊದಲೇ ಮಾತಾಡಿಕೊಳ್ಳಿ.

‘ನನಗೆ ಪಾಶ್ಚಾತ್ಯ ಸಂಗೀತ ಬರುವುದಿಲ್ಲವಲ್ಲ’ ಎನ್ನಬೇಡಿ. ಸರಳೆ ವರಸೆಗೆ ತಾಳ ಹಾಕಿದ ಕೈ ನಾಲ್ಕರ ಎಣಿಕೆಗೂ ತಾಳ ಹಾಕಬಲ್ಲದು. ಅಭ್ಯಾಸದ ಆ 15 ನಿಮಿಷ ಕನ್ನಡದಲ್ಲೇ ನಡೆಯಲಿ: ಒಂದು, ಎರಡು, ಮೂರು, ನಾಲ್ಕು. ಪಿಯಾನೊದಲ್ಲಿ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದರಿಂದ ಐದು. ವಯೊಲಿನ್ನಿನಲ್ಲಿ ತೋರುಬೆರಳೇ ಒಂದು. ‘ಇಲ್ಲಿ ಉಂಗುರಬೆರಳು ಬರಬೇಕಲ್ವಾ?’ ಎಂದು ಕೇಳಿ ನೋಡಿ. ಸ್ಟುಡಿಯೊದಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಮಗು ನಿಮಗೆ ಕನ್ನಡದಲ್ಲಿ ವಿವರಿಸಬೇಕಾಗುತ್ತದೆ. ಹಾಗೆ ವಿವರಿಸುವಾಗ ಪಾಠ ಅರ್ಥವಾಗಿದೆಯೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ.

ಸ್ಟುಡಿಯೊದ ರಿಸೈಟಲ್ ವರ್ಷಕ್ಕೆ ಒಂದೋ ಎರಡೋ ಸಲ. ಅಷ್ಟು ದಿನ ಕಾಯುವುದೇಕೆ? ಈ ಶನಿವಾರ ಅಜ್ಜಿಗೆ ವಿಡಿಯೊ ಕಾಲ್ ಮಾಡಿದಾಗ ಎರಡೇ ಸಾಲು ನುಡಿಸಲು ಹೇಳಿ. ಕಮಾನು ಹಿಡಿಯುವುದು ಹೇಗೆಂದು ಅಜ್ಜಿ ಖಂಡಿತ ಕೇಳುತ್ತಾರೆ. ಉತ್ತರವನ್ನು ಮಗುವೇ ಹೇಳಲಿ.