ಹಳೆಯ ಕಂಪ್ಯೂಟರಿಗೆ ತೇಪೆ: ಎಷ್ಟು ದಿನ, ಯಾರ ಹೊಣೆ?

ಸುವರ್ಣ ಮಹೋತ್ಸವವೆಂದರೆ ಕಟ್ಟಿದವರನ್ನು ಕೃತಜ್ಞತೆಯಿಂದ ನೆನೆಯುವ ಸಂದರ್ಭ. ಕಟ್ಟಿದ್ದನ್ನು ಉಳಿಸಿಕೊಳ್ಳುವ ಬಗೆ ಹೇಗೆಂದು ಯೋಚಿಸುವ ಸಂದರ್ಭವೂ ಹೌದು. ನಮ್ಮ ಶಾಲೆ ಆರಂಭವಾದಾಗ ಕಾಸರಗೋಡು ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಅದು ಜಿಲ್ಲೆಯಾದದ್ದು 1984ರ ಮೇ 24ರಂದು. ಅಂದಿನ ಗುರುಹಿರಿಯರ ತ್ಯಾಗವನ್ನು ಕುರಿತು ಬರೆಯಲು ನನಗಿಂತ ಅರ್ಹರಾದ ಮಹನೀಯರು ಅನೇಕರಿದ್ದಾರೆ. ಕಂಪ್ಯೂಟರುಗಳ ದುರಸ್ತಿ ಮತ್ತು ಪರಿಪಾಲನೆಯನ್ನೇ ವೃತ್ತಿಯಾಗಿಸಿಕೊಂಡ ಹಳೆವಿದ್ಯಾರ್ಥಿಯಾದ ನಾನು ಚಿಕ್ಕದೆಂದು ಕಾಣುವ ಒಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಕನ್ನಡ ಶಾಲೆಗಳಲ್ಲಿ, ಸಂಘಗಳ ಕಚೇರಿಗಳಲ್ಲಿ, ನಮ್ಮ ಆಮಂತ್ರಣ ಪತ್ರಿಕೆ ಅಚ್ಚಾಗುವ ಮುದ್ರಣಾಲಯಗಳಲ್ಲಿ ಇನ್ನೂ ಉಸಿರಾಡುತ್ತಿರುವ ಹಳೆಯ ಕಂಪ್ಯೂಟರು ಹಾಗೂ ಅದರೊಳಗಿನ ಬ್ರೌಸರು, ಅಂದರೆ ಅಂತರಜಾಲದ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶ, ಈ ಲೇಖನದ ವಸ್ತು.

'ನಡೆಯುತ್ತದಲ್ಲ, ಮತ್ತೇಕೆ ಬದಲಿಸಬೇಕು?' ಎಂಬುದು ನಾನು ನಿತ್ಯ ಕೇಳುವ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ಎಕ್ಸ್‌ಪಿಗೆ ನೀಡುತ್ತಿದ್ದ ಬೆಂಬಲವನ್ನು 2014ರ ಏಪ್ರಿಲ್ 8ರಂದು, ವಿಂಡೋಸ್ 7ರ ಬೆಂಬಲವನ್ನು 2020ರ ಜನವರಿ 14ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಆ ದಿನ ಯಾವ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಮರುದಿನವೂ ಅವು ಎಂದಿನಂತೆ ನಡೆದುವು. ಅಪಾಯ ಕಣ್ಣಿಗೆ ಕಾಣದಿರುವುದಕ್ಕೆ ಇದೇ ಕಾರಣ.

ಅಡಿಕೆ ತೋಟವಿರುವ ನಮ್ಮವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕೊಳೆರೋಗ ಬಾರದಂತೆ ಮಳೆಗಾಲಕ್ಕೆ ಮೊದಲು ಬೋರ್ಡೋ ದ್ರಾವಣ ಬಿಡುತ್ತೇವೆ. ಸುಮಾರು ನಲವತ್ತು ದಿನಗಳ ಬಳಿಕ ಮತ್ತೊಮ್ಮೆ ಬಿಡುತ್ತೇವೆ. ಕಳೆದ ವರ್ಷ ಮದ್ದು ಬಿಟ್ಟಿದ್ದೇವೆಂದು ಈ ವರ್ಷ ಯಾರೂ ಸುಮ್ಮನಿರುವುದಿಲ್ಲ. ತಂತ್ರಾಂಶದ ತೇಪೆಯೂ ಅಂಥದೇ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರ ತೇಪೆಗಳನ್ನು ಹೊರಡಿಸುತ್ತದೆ; ಫೈರ್‌ಫಾಕ್ಸ್ ಬ್ರೌಸರಿನ ಹೊಸ ಆವೃತ್ತಿಗಳು ನಾಲ್ಕು ವಾರಗಳಿಗೊಮ್ಮೆ ಬರುತ್ತ ಬಂದಿವೆ. ಇಲ್ಲಿ ಒಂದು ಸೂಕ್ಷ್ಮವಿದೆ. ಹೊಸ ಆವೃತ್ತಿಯ ರಂಧ್ರವೊಂದಕ್ಕೆ ತೇಪೆ ಬಿದ್ದೊಡನೆ, ಅದನ್ನು ಹಳೆಯದರೊಡನೆ ಹೋಲಿಸಿ ನೋಡಿ ರಂಧ್ರ ಎಲ್ಲಿತ್ತೆಂಬುದನ್ನು ದುರುಳರು ಕಂಡುಕೊಳ್ಳಬಲ್ಲರು. ಆದುದರಿಂದ ತೇಪೆಯಿಲ್ಲದ ಹಳೆಯ ತಂತ್ರಾಂಶ ಇದ್ದಲ್ಲಿಯೇ ಇರುವುದಿಲ್ಲ. ದಿನ ಕಳೆದಂತೆ ಹೆಚ್ಚು ದುರ್ಬಲವಾಗುತ್ತದೆ.

ಇದು ಬರಿಯ ಊಹೆಯಲ್ಲ. 2017ರ ಮೇ 12ರಂದು 'ವನ್ನಾಕ್ರೈ' ಎಂಬ ಪೀಡೆ ಜಗತ್ತಿನಾದ್ಯಂತ ಹರಡಿ, ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ನಮ್ಮ ರಾಜ್ಯದ ವಯನಾಡಿನ ತರಿಯೋಡು ಪಂಚಾಯತು ಕಚೇರಿಯ ಕಂಪ್ಯೂಟರುಗಳೂ ಅದಕ್ಕೆ ತುತ್ತಾದವು. ಬೆಂಬಲ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಆಗ ಮೈಕ್ರೋಸಾಫ್ಟ್ ತನ್ನ ಪದ್ಧತಿಯನ್ನು ಮೀರಿ ತೇಪೆಯೊಂದನ್ನು ಕೊಡಬೇಕಾಯಿತು. ಬೆಂಬಲವಿದ್ದ ಆವೃತ್ತಿಗಳಿಗಾದರೋ ತೇಪೆ ಮಾರ್ಚ್ 14ರಂದೇ ಬಂದಿತ್ತು. ಅದನ್ನು ಹಾಕಿಕೊಂಡವರು ಉಳಿದರು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ತೇಪೆ ದೊರೆಯುವುದು ಬೇರೆ, ಅದನ್ನು ತಂದು ಹಾಕುವ ಜನ ಇರುವುದು ಬೇರೆ ಎಂಬುದು ಆ ಘಟನೆಯ ಪಾಠ.

ಇನ್ನು ಬ್ರೌಸರಿನ ವಿಚಾರ. ಗೂಗಲ್ ಸಂಸ್ಥೆಯ ಕ್ರೋಮ್ ವಿಂಡೋಸ್ 7ರ ಮೇಲೆ 109ನೆಯ ಆವೃತ್ತಿಗೆ ನಿಂತಿತು; 2023ರ ಫೆಬ್ರವರಿಯಲ್ಲಿ ಬಂದ 110ನೆಯದು ಅದರ ಮೇಲೆ ನಡೆಯುವುದಿಲ್ಲ. ಮೊಜಿಲ್ಲಾ ಸಂಸ್ಥೆಯಾದರೋ 2023ರ ಜುಲೈಯಲ್ಲಿ ಬಂದ ಫೈರ್‌ಫಾಕ್ಸ್ 115ನೆಯ ದೀರ್ಘಾವಧಿ ಆವೃತ್ತಿಯನ್ನು ವಿಂಡೋಸ್ 7 ಮತ್ತು 8ರ ಬಳಕೆದಾರರಿಗಾಗಿ ಕಾಯ್ದಿರಿಸಿತು. ಮೊದಲು 2024ರ ಸೆಪ್ಟೆಂಬರ್ ಎಂದಿದ್ದ ಗಡುವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹಾಕಿತು. 2023ರ ಸೆಪ್ಟೆಂಬರಿನಲ್ಲಿ 'ವೆಬ್‌ಪಿ' ಎಂಬ ಬಗೆಯ ಚಿತ್ರಗಳನ್ನು ಬಿಡಿಸಿ ತೋರಿಸುವ ಭಾಗದಲ್ಲಿ ರಂಧ್ರ ಕಂಡುಬಂದಾಗ, ಅಂದರೆ ಚಿತ್ರವೊಂದು ಪರದೆಯ ಮೇಲೆ ಮೂಡುವುದೇ ಅಪಾಯವಾದಾಗ, ಈ ಹಳೆಯ ಶಾಖೆಗೂ ತೇಪೆ ಬಂತು. ಹಾಗಿದ್ದಲ್ಲಿ ತೇಪೆ ಹಾಕುವುದು ವ್ಯರ್ಥವೆಂದು ಹೇಳುವಂತಿಲ್ಲ. ಬೇರೆ ಗತಿಯಿಲ್ಲದವನಿಗೆ ಅದು ನಿಜವಾದ ಉಪಕಾರ.

ಆದರೆ ಅದರ ಮಿತಿಯನ್ನು ಅರಿತಿರಬೇಕು. ಬ್ರೌಸರು ಮನೆಯ ಬಾಗಿಲಿದ್ದಂತೆ. ಆಪರೇಟಿಂಗ್ ಸಿಸ್ಟಮ್ ಗೋಡೆ, ಮಾಡು, ಅಡಿಪಾಯಗಳಿದ್ದಂತೆ. ಬಾಗಿಲಿಗೆ ಹೊಸ ಚಿಲಕ ಹಾಕಿದ ಮಾತ್ರಕ್ಕೆ ಬಿರುಕುಬಿಟ್ಟ ಗೋಡೆ ಗಟ್ಟಿಯಾಗುವುದಿಲ್ಲ. ಅಕ್ಷರ ಮೂಡಿಸುವುದಕ್ಕೂ ಕಡತ ಉಳಿಸುವುದಕ್ಕೂ ಜಾಲಕ್ಕೆ ಸಂಪರ್ಕಿಸುವುದಕ್ಕೂ ಬ್ರೌಸರು ಒಂದಲ್ಲ ಒಂದು ಬಗೆಯಲ್ಲಿ ಕೆಳಗಿನ ವ್ಯವಸ್ಥೆಯನ್ನೇ ಅವಲಂಬಿಸುತ್ತದೆ. ಮೇಲಾಗಿ, ಜಾಲತಾಣಗಳ ಗುರುತನ್ನು ದೃಢೀಕರಿಸುವ ಮೂಲ ಪ್ರಮಾಣಪತ್ರಗಳಿಗೆ ಅವಧಿಯಿದೆ. ಅಂಥದೊಂದರ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿದಾಗ ಎಷ್ಟೋ ಹಳೆಯ ಯಂತ್ರಗಳಲ್ಲಿ ಸರಿಯಾದ ತಾಣಗಳೂ ತೆರೆಯದಾದುವು.

ತಯಾರಕರು ಕೈಬಿಟ್ಟುದನ್ನು ಅಭಿಮಾನಿಗಳು ಎತ್ತಿಕೊಂಡ ಉದಾಹರಣೆಗಳೂ ಇವೆ. ಆಪಲ್ ಸಂಸ್ಥೆಯ ಹಳೆಯ ಪವರ್‌ಪಿಸಿ ಕಂಪ್ಯೂಟರುಗಳನ್ನು ಫೈರ್‌ಫಾಕ್ಸ್ ಕೈಬಿಟ್ಟಾಗ, ಕ್ಯಾಮರನ್ ಕೈಸರ್ ಎಂಬವರು 'ಟೆನ್‌ಫೋರ್‌ಫಾಕ್ಸ್' ಎಂಬ ಹೆಸರಿನಲ್ಲಿ ಅದನ್ನು 2010ರಿಂದ 2021ರ ವರೆಗೆ ತೇಪೆ ಹಾಕಿ ನಡೆಸಿದರು. ಹನ್ನೊಂದು ವರ್ಷಗಳ ಈ ನಿಷ್ಠೆ ಮೆಚ್ಚತಕ್ಕದ್ದು. ಆದರೆ ಮುಖ್ಯವಾಗಿ ಒಬ್ಬರ ಹೆಗಲ ಮೇಲೆ ನಿಂತ ಕಾರ್ಯ ಆ ಹೆಗಲು ದಣಿಯುವ ವರೆಗೆ ಮಾತ್ರ. ಒಬ್ಬ ಅಧ್ಯಾಪಕರು ನಿವೃತ್ತರಾದೊಡನೆ ನಿಂತುಹೋದ ಕೈಬರಹ ಪತ್ರಿಕೆಗಳನ್ನೂ ಯಕ್ಷಗಾನ ತಂಡಗಳನ್ನೂ ಕಂಡ ನಮಗೆ ಇದು ಹೊಸ ಮಾತಲ್ಲ.

ಕನ್ನಡಿಗರು ಹಳೆಯ ಯಂತ್ರಕ್ಕೆ ಅಂಟಿಕೊಂಡಿರುವುದು ಬಡತನದಿಂದ ಮಾತ್ರವಲ್ಲ; ಅದಕ್ಕೆ ನಮ್ಮದೇ ಆದ ಕಾರಣವೊಂದಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಮುಂತಾದವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನಿಟ್ಟು ಬರೆಯುತ್ತಿದ್ದೆವು. ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದು ಯೂನಿಕೋಡನ್ನು ತಿಳಿಯದು. ನಮ್ಮ ಎಷ್ಟೋ ಸ್ಮರಣ ಸಂಚಿಕೆಗಳು, ದಾಖಲೆಗಳು, ಊರ ಕವಿಗಳ ಬರಹಗಳು ಆ ಕಡತಗಳಲ್ಲಿಯೇ ಸೆರೆಯಾಗಿವೆ. ಅಕ್ಷರಶೈಲಿಯ ಕಡತ ಕಳೆದುಹೋದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಉಳಿಯುತ್ತದೆ. ಆ ಕಡತಗಳಿಗಾಗಿ ಹಳೆಯ ಯಂತ್ರವನ್ನು ಉಳಿಸಿಕೊಂಡವರು, ಅದೇ ಯಂತ್ರದಲ್ಲಿ ಮಿಂಚಂಚೆಯನ್ನೂ ಬ್ಯಾಂಕಿನ ತಾಣವನ್ನೂ ತೆರೆಯುತ್ತಾರೆ. ಅಪಾಯ ಹುಟ್ಟುವುದು ಅಲ್ಲಿ.

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮಕ್ಕಳ ಹೆಸರು, ಜನ್ಮದಿನಾಂಕ, ಆಧಾರ್ ಸಂಖ್ಯೆ, ವಿದ್ಯಾರ್ಥಿವೇತನದ ಬ್ಯಾಂಕ್ ಖಾತೆ ಇವುಗಳನ್ನು ಮುಟ್ಟುವ ಕಂಪ್ಯೂಟರು ಬೆಂಬಲ ನಿಂತ ವ್ಯವಸ್ಥೆಯ ಮೇಲೆ ಇರಕೂಡದು. ಬ್ರೌಸರಿಗೆ ಎಷ್ಟೇ ತೇಪೆ ಹಾಕಿದ್ದರೂ ಇರಕೂಡದು. ಆ ವಿವರಗಳು ನಮ್ಮ ಸ್ವತ್ತಲ್ಲ, ಹೆತ್ತವರು ನಂಬಿ ಒಪ್ಪಿಸಿದ ಇಡುಗಂಟು. ಪುಟ ಕಟ್ಟುವ ಹಳೆಯ ಯಂತ್ರ ಇರಲಿ, ಆದರೆ ಅದರ ಜಾಲಸಂಪರ್ಕ ತೆಗೆದಿರಲಿ. ಅದರಲ್ಲಿರುವ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ತಿದ್ದಿ, ಎರಡು ಕಡೆ ಪ್ರತಿ ತೆಗೆದಿಡುವ ಕೆಲಸ ಕೂಡಲೇ ಆರಂಭವಾಗಬೇಕು. ಉಳಿದ ಯಂತ್ರಗಳಿಗೆ ಸ್ವತಂತ್ರ ತಂತ್ರಾಂಶವೇ ಯೋಗ್ಯವಾದ ದಾರಿ.

ಈ ದಾರಿ ಕೇರಳದ ಶಾಲೆಗಳಿಗೆ ಅಪರಿಚಿತವೂ ಅಲ್ಲ. 2001ರಲ್ಲಿ ಆರಂಭವಾದ ಐ.ಟಿ. ಅಟ್ ಸ್ಕೂಲ್ ಯೋಜನೆ ಮತ್ತು 2017ರಲ್ಲಿ ಅದರಿಂದ ರೂಪುಗೊಂಡ 'ಕೈಟ್' ಸಂಸ್ಥೆ ಲಿನಕ್ಸ್ ಆಧಾರಿತ ವ್ಯವಸ್ಥೆಯನ್ನೇ ಶಾಲೆಗಳಿಗೆ ಒದಗಿಸಿವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠವೂ ಕನ್ನಡದಲ್ಲಿದೆ. ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ಲಭ್ಯವಿದೆ. ಗುಬ್ಬಿ, ನವಿಲು ಮೊದಲಾದ ಅಕ್ಷರಶೈಲಿಗಳು ಉಚಿತವಾಗಿ ದೊರೆಯುತ್ತವೆ. ಆದರೆ ಅಲ್ಲಿಯೂ ಮೈಮರೆಯುವಂತಿಲ್ಲ. ಉಬುಂಟು 18.04ರ ಸಾಮಾನ್ಯ ಬೆಂಬಲ 2023ರ ಮೇಯಲ್ಲಿ ಮುಗಿಯಿತು. 32 ಬಿಟ್‌ನ ಲಿನಕ್ಸ್ ಯಂತ್ರಗಳಿಗೆ ಫೈರ್‌ಫಾಕ್ಸಿನ ಸಾಮಾನ್ಯ ಆವೃತ್ತಿ 2025ರ ಅಕ್ಟೋಬರಿನ 144ನೆಯದಕ್ಕೆ ಕೊನೆಗೊಂಡಿತು. ಉಚಿತವೆಂದರೆ ಶಾಶ್ವತವೆಂದು ಅರ್ಥವಲ್ಲ. ಭೇದವಿಷ್ಟೆ: ಇಲ್ಲಿ ಮುಂದಿನ ಆವೃತ್ತಿಗೆ ದುಡ್ಡು ಕೊಡಬೇಕಾಗಿಲ್ಲ, ಕೆಲವು ಗಂಟೆಗಳ ಶ್ರಮವನ್ನು ಕೊಟ್ಟರೆ ಸಾಕು.

ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿರುವ ಹಳೆವಿದ್ಯಾರ್ಥಿ ಬಂಧುಗಳಲ್ಲಿ ಒಂದು ವಿನಂತಿ. ತಮ್ಮ ಕಚೇರಿಯಿಂದ ಹೊರಹಾಕಿದ ಕಂಪ್ಯೂಟರುಗಳನ್ನು ಶಾಲೆಗೆ ಕೊಡುವ ಉದಾರ ಮನಸ್ಸು ತಮ್ಮಲ್ಲಿ ಅನೇಕರಿಗಿದೆ. ವಿಂಡೋಸ್ 10 ನಿಂತುದರಿಂದ, 11ಕ್ಕೆ ಏರಲಾರದ ಯಂತ್ರಗಳು ಇನ್ನು ಮುಂದೆ ಹೆಚ್ಚು ಸಂಖ್ಯೆಯಲ್ಲಿ ದಾನಕ್ಕೆ ಬರಬಹುದು. ಕೊಡುವ ಮುನ್ನ ಅದರಲ್ಲಿ ಬೆಂಬಲವಿರುವ ವ್ಯವಸ್ಥೆಯನ್ನು ಸ್ಥಾಪಿಸಿ, ಕನ್ನಡ ಬರೆಯಲು ಬರುವುದೇ ಎಂದು ಪರೀಕ್ಷಿಸಿ ಕೊಡಿ. ಹೆಸರು ಕೆತ್ತಿಸಿದ ಫಲಕಕ್ಕಿಂತ, ವರ್ಷಕ್ಕೆ ಎರಡು ದಿನ ಬಂದು ಯಂತ್ರಗಳ ಮುಂದೆ ಕುಳಿತುಕೊಳ್ಳುವ ಸೇವೆ ದೊಡ್ಡದು.

ಆಡಳಿತ ಮಂಡಳಿ ಮತ್ತು ರಕ್ಷಕ ಶಿಕ್ಷಕ ಸಂಘದ ಮುಂದೆ ನನ್ನ ಸಲಹೆ ಇಷ್ಟು. ಸುವರ್ಣ ಮಹೋತ್ಸವ ನಿಧಿಯಲ್ಲಿ ಸಣ್ಣ ಪಾಲನ್ನು ಯಂತ್ರಗಳ ಪರಿಪಾಲನೆಗೆಂದು ಪ್ರತ್ಯೇಕವಾಗಿಡಬೇಕು. ಪ್ರತಿ ಕಂಪ್ಯೂಟರಿನ ವ್ಯವಸ್ಥೆ ಯಾವುದು, ಬೆಂಬಲ ಮುಗಿಯುವ ದಿನ ಯಾವುದು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೈಕ್ರೋಸಾಫ್ಟಿಗೆ ಎರಡನೆಯ ಮಂಗಳವಾರವಿದ್ದಂತೆ ನಮಗೆ ಎರಡನೆಯ ಶನಿವಾರವಿರಲಿ. ಒಬ್ಬರಲ್ಲ, ಕನಿಷ್ಠ ಮೂವರು ಹಳೆವಿದ್ಯಾರ್ಥಿಗಳು ಸರದಿಯಲ್ಲಿ ಬಂದು ತೇಪೆಗಳನ್ನು ಹಾಕಿ, ಪುಸ್ತಕದಲ್ಲಿ ಸಹಿ ಮಾಡಿ ಹೋಗಲಿ. ಆ ಮೂವರಲ್ಲಿ ಒಬ್ಬನಾಗಿ ನನ್ನ ಹೆಸರನ್ನು ಈಗಲೇ ಕೊಟ್ಟಿದ್ದೇನೆ. ಉಳಿದ ಇಬ್ಬರು ಈ ಸಂಚಿಕೆಯ ಓದುಗರಲ್ಲಿ ಇದ್ದಾರೆಂದು ನಂಬಿದ್ದೇನೆ.