ಹೆಸರಿನ ಹಿರಿಮೆ: ತೋಂಟದಾರ್ಯ

ಗದಗ-ಹುಲಕೋಟಿ ಸೀಮೆಯಲ್ಲಿ ಗಂಡುಮಕ್ಕಳಿಗೆ ‘ತೋಂಟದಾರ್ಯ’ ಎಂದು ನಾಮಕರಣ ಮಾಡುವುದುಂಟು.  ಗದಗ ಮತ್ತು ಡಂಬಳದ ತೋಂಟದಾರ್ಯ ಮಠಗಳ ಮೇಲಣ ಭಕ್ತಿಯೇ ಇದಕ್ಕೆ ಕಾರಣ.

‘ತೋಂಟ’ವೆಂಬುದು ತೋಟದ ಹಳಗನ್ನಡ ರೂಪ, ‘ಆರ್ಯ’ನೆಂದರೆ ಪೂಜ್ಯನು. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯ ತೋಟದಲ್ಲಿ ತಪಗೈದ ಸಿದ್ಧಲಿಂಗ ಯತಿಗಳು ‘ತೋಂಟದ’ರೆನಿಸಿದರು. 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ಕರುಣಿಸಿದವರು ಅವರೇ. ಅವರ ಗದ್ದುಗೆ ಎಡೆಯೂರಿನಲ್ಲಿದೆ.

ಹಿರಿಯರು ಇಟ್ಟ ಈ ಹೆಸರನ್ನು ಹಳೆಯದೆಂದು ಶಾಲೆಗೆ ಸೇರಿಸುವಾಗ ಬದಲಿಸುವ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೆ: ಮೊದಲು ಮಗುವಿಗೆ ಆ ತೋಟದ ಕಥೆಯನ್ನು ಹೇಳಿರಿ. ಅರ್ಥ ತಿಳಿದ ಹೆಸರು ಯಾವ ಮಗುವಿಗೂ ಭಾರವೆನಿಸದು.